ಷಡ್ಡಕನ ಮೋಡ

ಹೊಟ್ಟೆಕಿಚ್ಚು ಪಡುವುದಕ್ಕೆ ಪದವಿ ಬೇಕಿಲ್ಲ. ಆದರೆ ನಮ್ಮ ಮೇಷ್ಟ್ರಿಗೆ ಎರಡು ಪದವಿಗಳಿದ್ದವು. ಹಾಗಾಗಿ ಆ ಕೆಲಸವನ್ನು ಅವರು ಬಹಳ ವ್ಯವಸ್ಥಿತವಾಗಿ ಮಾಡುತ್ತಿದ್ದರು.

ಅವರು ಕಾಲೇಜಿನ ಕಂಪ್ಯೂಟರ್ ವಿಭಾಗದ ಹಿರಿಯ ಅಧ್ಯಾಪಕರು. ಯಾವ ಮಾತಿಗೂ ಮುಂಚೆ ‘ತತ್ಸಂಬಂಧವಾಗಿ’ ಎಂದು ಸೇರಿಸುವುದು ಅವರಿಗೆ ಉಸಿರಾಟದಷ್ಟೇ ಸಹಜ. ಕ್ಯಾಂಟೀನಿನಲ್ಲಿ ಕೂತರೆ “ತತ್ಸಂಬಂಧವಾಗಿ ಒಂದು ಚಹಾ” ಎನ್ನುವರು. ಯಾವುದರ ಸಂಬಂಧವಾಗಿ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದರೆ ಅದಕ್ಕೂ ವಿವರಣೆ ಕೊಟ್ಟಾರು ಎಂಬ ಭಯ. ವಿದ್ಯಾರ್ಥಿಗಳು ಬೆನ್ನ ಹಿಂದೆ ತತ್ಸಂಬಂಧ ಮೇಷ್ಟ್ರು ಎನ್ನುತ್ತಿದ್ದರು. ಅದನ್ನು ಗೌರವಸೂಚಕ ಬಿರುದೆಂದೇ ಮೇಷ್ಟ್ರು ತಿಳಿದಿದ್ದರು.

ಅದೇ ವಿಭಾಗದಲ್ಲಿ ಅವರ ಷಡ್ಡಕನೂ ಇದ್ದ. ಅಂದರೆ ಹೆಂಡತಿಯ ತಂಗಿಯ ಗಂಡ. ಮದುವೆಯಾಗುವಾಗ ಹೆಣ್ಣನ್ನು ನೋಡುತ್ತಾರೆ, ಅತ್ತೆ ಮಾವಂದಿರನ್ನು ನೋಡುತ್ತಾರೆ. ಮುಂದೆ ಬರಲಿರುವ ಷಡ್ಡಕನನ್ನು ನೋಡುವ ಸೌಕರ್ಯ ಮಾತ್ರ ಯಾರೂ ಕಲ್ಪಿಸಿಲ್ಲ. ಒಂದೇ ಮನೆಯ ಅಳಿಯಂದಿರು ಬೇರೆ ಬೇರೆ ಊರಿನಲ್ಲಿದ್ದರೆ ವರ್ಷಕ್ಕೊಮ್ಮೆ ಹೋಲಿಕೆಯಾಗುತ್ತದೆ. ಒಂದೇ ಸ್ಟಾಫ್ ರೂಮಿನಲ್ಲಿದ್ದರೆ ಗಂಟೆಗೊಮ್ಮೆ. ಷಡ್ಡಕನ ಕುರ್ಚಿಗೆ ಕೈಗಳಿದ್ದವು, ಮೇಷ್ಟ್ರ ಕುರ್ಚಿಗೆ ಒಂದೇ ಕೈ. ಷಡ್ಡಕನ ಮೇಜಿನ ಮೇಲೆ ಫ್ಯಾನು ನೇರವಾಗಿ ತಿರುಗುತ್ತಿತ್ತು, ಮೇಷ್ಟ್ರಿಗೆ ಅದರ ಸದ್ದು ಮಾತ್ರ ಸಿಗುತ್ತಿತ್ತು. ಇಷ್ಟು ದಿನ ಮೇಷ್ಟ್ರು ಇದನ್ನೆಲ್ಲ ನುಂಗಿಕೊಂಡಿದ್ದರು. ಮೋಡ ಬಂದದ್ದೇ ಅಜೀರ್ಣವಾಯಿತು.

ಆ ವರ್ಷ ಹೊಸದಾಗಿ ಕ್ಲೌಡ್ ಕಂಪ್ಯೂಟಿಂಗ್ ಎಂಬ ಪಾಠವನ್ನು ಸೇರಿಸಲಾಗಿತ್ತು. ಹಿರಿತನದ ಲೆಕ್ಕದಲ್ಲಿ ಅದು ತಮಗೇ ಎಂದು ಮೇಷ್ಟ್ರಿಗೆ ಖಾತ್ರಿಯಿತ್ತು. ಸಭೆಯಲ್ಲಿ ಪ್ರಾಂಶುಪಾಲರು, “ಈ ಜವಾಬ್ದಾರಿಯನ್ನ ಯಾರಿಗೆ ಕೊಡೋದು ಅಂತ ಬಹಳ ಯೋಚನೆ ಮಾಡಿದ್ದೀನಿ” ಎನ್ನುವಷ್ಟರಲ್ಲಿ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು, ಕೋಟಿನ ಗುಂಡಿ ಹಾಕಿಕೊಂಡು ಎದ್ದೇ ನಿಂತರು. ಪ್ರಾಂಶುಪಾಲರು ಷಡ್ಡಕನ ಕಡೆ ಕೈ ತೋರಿಸಿದರು.

ಎದ್ದು ನಿಂತವರು ಸುಮ್ಮನೆ ಕೂರುವಂತಿಲ್ಲ. ಮೇಷ್ಟ್ರು ಗಂಭೀರವಾಗಿ ನಡೆದು ಕಿಟಕಿಯ ಬಳಿ ಹೋದರು, ಗಾಳಿಗಾಗಿಯೇ ಎದ್ದೆನೆಂಬಂತೆ. ಬಣ್ಣ ಬಳಿದ ಮೇಲೆ ಆ ಕಿಟಕಿ ಅಂಟಿಕೊಂಡಿದೆಯೆಂದು ಅವರು ತಿಳಿದರು. ಎಳೆದರು, ನೂಕಿದರು, ಅಂಗೈಯಿಂದ ಗುದ್ದಿದರು. ಸಭೆ ಮಾತು ನಿಲ್ಲಿಸಿ ನೋಡಿತು. ಷಡ್ಡಕ ಎದ್ದು ಬಂದು, “ಬಿಡಿ ಅಣ್ಣ, ನಾನು ನೋಡ್ತೀನಿ” ಎಂದು ಒಂದು ಬೆರಳಿನಿಂದ ಚಿಲಕವನ್ನು ಮೇಲಕ್ಕೆತ್ತಿದ. ಕಿಟಕಿ ತೆರೆದುಕೊಂಡಿತು. ಚಪ್ಪಾಳೆ ಬಿತ್ತು. ಅದು ಪಾಠಕ್ಕೋ ಕಿಟಕಿಗೋ ಎಂಬುದು ಮೇಷ್ಟ್ರಿಗೆ ಕೊನೆಗೂ ತಿಳಿಯಲಿಲ್ಲ. ಎರಡೂ ಅವರದಾಗಿರಲಿಲ್ಲ.

ಮನೆಗೆ ಬಂದರೆ ಸುದ್ದಿ ಅವರಿಗಿಂತ ಮೊದಲೇ ಬಂದು ಕೂತಿತ್ತು. ಅತ್ತೆ ಇರುವುದು ಮೇಷ್ಟ್ರ ಮನೆಯಲ್ಲೇ. ಊಟ ಹಿರಿಯಳಿಯನ ಮನೆಯದು, ಹೊಗಳಿಕೆ ಕಿರಿಯಳಿಯನಿಗೆ ಎಂಬುದು ಅವರ ನ್ಯಾಯ.

“ಅವನಿಗೆ ಮೋಡ ಕೊಟ್ರಂತೆ?” ಎಂದರು ಅತ್ತೆ.

“ಅದು ಆ ಮೋಡ ಅಲ್ಲ ಅತ್ತೆ. ತತ್ಸಂಬಂಧವಾಗಿ ಹೇಳುವುದಾದರೆ, ಜಾಲಾಧಾರಿತವೂ ದೂರಸ್ಥವೂ ಆದ ಗಣಕ ಸಂಪನ್ಮೂಲಗಳ ಬೇಡಿಕೆಯನುಸಾರ ಹಂಚಿಕೆ.”

ಅತ್ತೆ ಸ್ವಲ್ಪ ಹೊತ್ತು ಅಳಿಯನ ಮುಖ ನೋಡಿ, ಔಷಧಿ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಮಗಳ ಕಡೆ ತಿರುಗಿದರು. “ಅವನು ಫೋನಲ್ಲಿ ಹೇಳಿದ. ನಮ್ಮನೆ ಬೀರು ತುಂಬಿಹೋದ್ರೆ ಇನ್ನೊಬ್ಬರ ಮನೆ ಬೀರುನಲ್ಲಿ ಎರಡು ಅರೆ ಬಾಡಿಗೆಗೆ ಹಿಡಿಯೋದು. ಬೇಡದಾಗ ಬಿಟ್ಟುಬಿಡೋದು. ಅಷ್ಟೇ ಅಂತೆ. ನನಗೇ ಅರ್ಥ ಆಯ್ತು ನೋಡು.”

“ಅವರು ಚೆನ್ನಾಗಿ ಹೇಳ್ತಾರಮ್ಮ” ಎಂದಳು ಹೆಂಡತಿ.

‘ಚೆನ್ನಾಗಿ’ ಎಂಬ ಆ ಒಂದು ಪದದ ಮೇಲೆ ಮೇಷ್ಟ್ರು ರಾತ್ರಿಯಿಡೀ ಮಗ್ಗುಲು ಬದಲಿಸಿದರು.

ಕೆಳಮನೆಯ ದಂತವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೆಟ್ಟಿಲ ಮೇಲೆ ಸಿಕ್ಕಿ, “ನಿಮ್ಮ ಷಡ್ಡಕರು ಮೋಡದ ತಜ್ಞರಂತಲ್ಲ, ಭಾನುವಾರ ಮಳೆ ಬರುತ್ತಾ ಅಂತ ಸ್ವಲ್ಪ ಕೇಳಿ ಹೇಳ್ತೀರಾ?” ಎಂದರು. ತಪ್ಪನ್ನು ತಿದ್ದಲು ಮೇಷ್ಟ್ರು ಬಾಯಿ ತೆರೆದರು. ಆಮೇಲೆ ಮನಸ್ಸು ಬದಲಾಯಿತು. “ಧಾರಾಕಾರ ಬರುತ್ತಂತೆ” ಎಂದರು. ದಂತವೈದ್ಯರು ನದಿ ದಂಡೆಯ ಪ್ರವಾಸವನ್ನು ರದ್ದು ಮಾಡಿದರು. ಭಾನುವಾರ ಬಟ್ಟೆ ಒಣಗಿ ಹಪ್ಪಳದಂತಾಗುವ ಬಿಸಿಲು. ಷಡ್ಡಕನ ಮಾನ ಹೋಯಿತೆಂದು ಮೇಷ್ಟ್ರು ಸಂಭ್ರಮದಿಂದ ಕೆಳಗಿಳಿದರೆ, ದಂತವೈದ್ಯರು ಕನಿಕರದಿಂದ ಅವರ ಭುಜ ತಟ್ಟಿದರು. “ನೀವು ಸರಿಯಾಗಿ ಕೇಳಿಸ್ಕೊಂಡಿಲ್ಲ ಅನ್ಸುತ್ತೆ. ಅಂಥವರು ಹಾಗೆ ಹೇಳಿರೋದಿಲ್ಲ.”

ಪಾಠ ಶುರುವಾಯಿತು. ಮೇಷ್ಟ್ರ ತರಗತಿಗೂ ಷಡ್ಡಕನ ತರಗತಿಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಮೇಷ್ಟ್ರು ಈ ಕಡೆ ಪ್ರೋಗ್ರಾಮಿನ ಸುರುಳಿ ಬಿಡಿಸುತ್ತಿದ್ದರೆ ಆ ಕಡೆಯಿಂದ ನಗು ಕೇಳಿಸುತ್ತಿತ್ತು. ನಗು ಬಂದಾಗಲೆಲ್ಲ ಈ ಕಡೆಯ ವಿದ್ಯಾರ್ಥಿಗಳು ಗೋಡೆಯ ಕಡೆ ನೋಡುತ್ತಿದ್ದರು, ಹಸಿದವರು ಅಡುಗೆಮನೆಯ ಕಡೆ ನೋಡುವ ಹಾಗೆ.

ಷಡ್ಡಕ ಬರೆದಿದ್ದ ಪಾಠದ ಸಾಮಗ್ರಿ ಕಾಲೇಜಿನಲ್ಲೆಲ್ಲ ಓಡಾಡತೊಡಗಿತು. ವಾಣಿಜ್ಯ ವಿಭಾಗದವರೂ ಓದುತ್ತಿದ್ದಾರೆಂಬ ಮಾತು ಬಂತು. ಅದರಲ್ಲಿ ಏನಿದೆಯೆಂದು ನೋಡಲೇಬೇಕೆಂದು ಮೇಷ್ಟ್ರು ಟೋಪಿ ಹಾಕಿಕೊಂಡು ಗೇಟಿನೆದುರಿನ ಜೆರಾಕ್ಸ್ ಅಂಗಡಿಗೆ ಹೋದರು.

“ಆ... ಮೋಡದ್ದು ಒಂದು ಪ್ರತಿ.”

“ಮುಗಿದೋಯ್ತು ಸರ್, ಹತ್ತು ನಿಮಿಷ ಕೂತ್ಕೊಳ್ಳಿ, ಹೊಸದು ಹೊಡೀತೀನಿ” ಎಂದ ಅಂಗಡಿಯವನು. “ಅಷ್ಟರಲ್ಲಿ ನಿಮ್ಮದು ಬೇಕಾದ್ರೆ ಇದೆ. ಹೋದ ವರ್ಷದ್ದು ಹಾಗೇ ಉಳಿದಿದೆ.”

ಕಾಲೇಜಿನ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ನಿಂತು ಮೇಷ್ಟ್ರು ಓದಿದರು. ಒಂದು ಅಂಗಡಿಗೆ ಜನ ನುಗ್ಗಿದಾಗ ಎಷ್ಟು ಕುರ್ಚಿ ಹಾಕಬೇಕು, ಜನ ಹೋದಮೇಲೆ ಆ ಕುರ್ಚಿಗಳನ್ನು ಯಾರು ಎತ್ತಬೇಕು ಎಂಬ ಕಥೆಯಲ್ಲಿ ಇಡೀ ಮೋಡವನ್ನೇ ಷಡ್ಡಕ ಇಳಿಸಿಬಿಟ್ಟಿದ್ದ. ಒಂದು ಕಡೆ ಮೇಷ್ಟ್ರಿಗೆ ನಗು ಬಂತು. ತಕ್ಷಣ ಆಚೀಚೆ ನೋಡಿ ಅದನ್ನು ಕೆಮ್ಮಾಗಿ ಪರಿವರ್ತಿಸಿದರು. ಕೆಟ್ಟದಾಗಿದ್ದರೆ ಎಷ್ಟು ಸಂತೋಷವಾಗುತ್ತಿತ್ತು. ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೆ ಏನಾದರೂ ಕಾರಣ ಬೇಕಲ್ಲ. ಮೇಷ್ಟ್ರು ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ಇದನ್ನು ಬರೆದದ್ದು ಯಂತ್ರ. ಸಾಕ್ಷಿ? ಷಡ್ಡಕನಾದವನಿಗೆ ಇಷ್ಟು ಚೆನ್ನಾಗಿ ಬರೆಯಲು ಬರುವುದು ಪ್ರಕೃತಿಗೆ ವಿರುದ್ಧ.

ಅವರು ನೇರವಾಗಿ ಪ್ರಾಂಶುಪಾಲರ ಕೋಣೆಗೆ ಹೋದರು.

“ಸರ್, ತತ್ಸಂಬಂಧವಾಗಿ ಒಂದು ವಿಷಯ. ಈಗ ಕೃತಕ ಬುದ್ಧಿ ಬಂದಿದೆ.”

“ಎಲ್ಲಿಗೆ?” ಎಂದು ಪ್ರಾಂಶುಪಾಲರು ಗಾಬರಿಯಿಂದ ಎದ್ದರು. ಕಾಲೇಜಿನ ತಪಾಸಣೆ ಹತ್ತಿರ ಬಂದಿತ್ತು. ಬಂದವರೆಲ್ಲ ತಪಾಸಣೆಯವರಂತೆಯೇ ಅವರಿಗೆ ಕಾಣುತ್ತಿದ್ದರು.

“ಕಾಲೇಜಿಗೆ ಸರ್. ಕೆಲವರ ಪಾಠದ ಸಾಮಗ್ರಿಯ ಒಳಗೇ ಬಂದಿರಬಹುದು. ನಾನು ಯಾರ ಹೆಸರನ್ನೂ ಹೇಳುವುದಿಲ್ಲ.”

ಪ್ರಾಂಶುಪಾಲರು ಹೆಸರು ಕೇಳುತ್ತಾರೆ, ತಾನು ಬೇಡ ಬೇಡವೆನ್ನುತ್ತ ಹೇಳುವುದು, ಎಂಬುದು ಮೇಷ್ಟ್ರ ಯೋಜನೆ. ಪ್ರಾಂಶುಪಾಲರು ಕೇಳಲೇ ಇಲ್ಲ. ಅವರ ಮುಖ ಅರಳಿತು. “ಸರಿಯಾದ ಹೊತ್ತಿಗೆ ನೆನಪಿಸಿದ್ರಿ. ಕೃತಕ ಬುದ್ಧಿ ಬಳಕೆಗೆ ನಿಯಮಾವಳಿ ಎಲ್ಲಿ ಅಂತ ತಪಾಸಣೆಯವರು ಕೇಳೇ ಕೇಳ್ತಾರೆ. ಮೊದಲು ಕ್ಲೌಡ್ ಪಾಠಕ್ಕೇ ಮಾಡೋಣ. ನೀವೇ ಬರೀರಿ. ಇಂಥದ್ದಕ್ಕೆಲ್ಲ ನಿಮ್ಮ ಭಾಷೆಯೇ ಸರಿ, ಯಾರಿಗೂ ಅರ್ಥ ಆಗಲ್ಲ, ತೂಕವಾಗಿರುತ್ತೆ.”

ಹೊರಗೆ ಬಂದ ಮೇಷ್ಟ್ರ ನಡಿಗೆಯೇ ಬದಲಾಗಿತ್ತು. ಪಾಠ ಅವನಿಗೆ ಸಿಕ್ಕಿರಬಹುದು; ಪಾಠಕ್ಕೆ ಮೂಗುದಾರ ತನ್ನ ಕೈಗೆ.

ಒಂದು ವಾರ ಅವರು ಮನೆಯಲ್ಲಿ ಯಾರ ಜೊತೆಗೂ ಮಾತಾಡದೆ ಬರೆದರು. ಯಂತ್ರದ ಸಹಾಯ ಒಂದು ಅಕ್ಷರಕ್ಕೂ ತೆಗೆದುಕೊಳ್ಳಲಿಲ್ಲ. ನಿಘಂಟನ್ನು ಮಾತ್ರ ಹರಿದುಹೋಗುವಷ್ಟು ಬಳಸಿದರು. ವಿದ್ಯಾರ್ಥಿಗಳು ಎಲ್ಲಿ ಯಂತ್ರವನ್ನು ಕೇಳಬಹುದು, ಎಲ್ಲಿ ಕೇಳಬಾರದು, ಕೇಳಿದರೆ ಹೇಗೆ ಘೋಷಿಸಬೇಕು ಎಂಬುದನ್ನೆಲ್ಲ ಬೇಗಬೇಗನೆ ಮುಗಿಸಿ ಅವರು ಅಧ್ಯಾಪಕರ ಭಾಗಕ್ಕೆ ಬಂದರು. ಅಲ್ಲಿ ಲೇಖನಿ ನಿಧಾನವಾಯಿತು, ರುಚಿ ನೋಡಿ ನೋಡಿ ಉಣ್ಣುವವರ ಹಾಗೆ. “ಸದರಿ ಪಾಠಕ್ಕೆ ಸಂಬಂಧಿಸಿದ ಯಾವುದೇ ಬರಹವು ಯಂತ್ರಜನ್ಯವೆಂಬ ಸಂಶಯ ಉದ್ಭವಿಸಿದಲ್ಲಿ, ತತ್ಸಂಬಂಧವಾಗಿ ಅದನ್ನು ಪತ್ತೆ ತಂತ್ರಾಂಶಕ್ಕೆ ಒಳಪಡಿಸತಕ್ಕದ್ದು. ಸಂಶಯವು ದೃಢಪಟ್ಟಲ್ಲಿ ಬರೆದಾತನನ್ನು ಮುಚ್ಚಿದ ಕೊಠಡಿಯಲ್ಲಿ ಕೂರಿಸಿ, ಕೇವಲ ಕಾಗದ ಲೇಖನಿಗಳನ್ನಿತ್ತು, ಬರೆಯಿಸತಕ್ಕದ್ದು. ವಿಭಾಗದ ಅತ್ಯಂತ ಹಿರಿಯನು ಮೇಲ್ವಿಚಾರಣೆ ಮಾಡತಕ್ಕದ್ದು.” ಅತ್ಯಂತ ಹಿರಿಯ ಯಾರು ಎಂದು ಬರೆಯಬೇಕಾಗಿರಲಿಲ್ಲ. ಮುಚ್ಚಿದ ಕೊಠಡಿಯಲ್ಲಿ ಬೆವರುವ ಷಡ್ಡಕ, ಬಾಗಿಲಲ್ಲಿ ಕೈಕಟ್ಟಿ ನಿಂತ ತಾನು. ಈ ಚಿತ್ರ ಮೇಷ್ಟ್ರ ಕಣ್ಣ ಮುಂದೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದರಲ್ಲಿ ಅವರು ಆ ಕೊಠಡಿಯ ಫ್ಯಾನನ್ನು ಕೂಡ ಆರಿಸಿಟ್ಟಿದ್ದರು.

ಸಭೆಯಲ್ಲಿ ನಿಯಮಾವಳಿಯನ್ನು ಓದಿದರು. ಗಣಿತದ ಮೇಡಂ, “ಕ್ಯಾಲ್ಕುಲೇಟರ್ ಮುಟ್ಟಿದ್ರೂ ಘೋಷಣೆ ಮಾಡ್ಬೇಕಾ?” ಎಂದು ಕೇಳಿದರು. ಗ್ರಂಥಪಾಲಕರು ನಿದ್ದೆಯಿಂದ ಎಚ್ಚೆತ್ತು ತಾವು ಏನನ್ನೂ ಬಳಸಿಲ್ಲವೆಂದರು. ಷಡ್ಡಕ ಎದ್ದು ನಿಂತ. “ಬಹಳ ಚೆನ್ನಾಗಿದೆ ಅಣ್ಣ. ನನ್ನ ಕೈಲಂತೂ ಹೀಗೆ ಬರೆಯೋಕೆ ಆಗ್ತಿರ್ಲಿಲ್ಲ.” ಆ ಮಾತಿನಲ್ಲಿ ವ್ಯಂಗ್ಯವಿದೆಯೇ ಎಂದು ಮೇಷ್ಟ್ರು ಅವನ ಮುಖವನ್ನು ಮೂಲೆ ಮೂಲೆ ಹುಡುಕಿದರು. ಇರಲಿಲ್ಲ. ಅದೇ ಹೆಚ್ಚು ಉರಿಸಿತು.

ತಪಾಸಣಾಧಿಕಾರಿ ಬಂದರು. ಬಿಸಿನೀರಿನ ಫ್ಲಾಸ್ಕನ್ನು ಸ್ವತಃ ಹೊತ್ತು ತಿರುಗುವ, ಯಾರು ಕೊಟ್ಟ ಚಹಾವನ್ನೂ ಕುಡಿಯದ ಹೆಂಗಸು. ಪ್ರಾಂಶುಪಾಲರು ಹೆಮ್ಮೆಯಿಂದ ನಿಯಮಾವಳಿಯನ್ನು ಮುಂದಿಟ್ಟರು. ಆಕೆ ಕೊನೆಯವರೆಗೂ ಓದಿದರು, ಇದುವರೆಗೆ ಯಾರೂ ಮಾಡಿರದ ಕೆಲಸ.

“ಇದನ್ನ ಪಾಲಿಸಿದ್ದೀರಾ?”

“ಇನ್ನು ಮೇಲೆ...” ಎಂದರು ಪ್ರಾಂಶುಪಾಲರು.

“ನಿಯಮ ಇದ್ದ ಮೇಲೆ ಪಾಲಿಸಿ ತೋರಿಸಿ. ಈ ಪಾಠಕ್ಕೆ ಸಂಬಂಧಿಸಿದ ಬರಹ ಏನೇನಿದೆ ತನ್ನಿ.”

ಮೇಷ್ಟ್ರು ಇದಕ್ಕೇ ಕಾದಿದ್ದರು. ಕೈಯಲ್ಲಿ ಸಿದ್ಧವಾಗಿ ಹಿಡಿದಿದ್ದ ಷಡ್ಡಕನ ಸಾಮಗ್ರಿಯನ್ನು ತಾವೇ ಓಡಿಹೋಗಿ ಕೊಟ್ಟರು. ಪತ್ತೆ ತಂತ್ರಾಂಶಕ್ಕೆ ಅದನ್ನು ಉಣಿಸಿದರು. ಪರದೆ ಸ್ವಲ್ಪ ಹೊತ್ತು ತಿರುಗಿ ಉತ್ತರ ಕೊಟ್ಟಿತು: ಮನುಷ್ಯ ಬರೆದದ್ದು. ಅದರಲ್ಲಿ ಕಾಗುಣಿತದ ತಪ್ಪುಗಳಿದ್ದವು, ಅರ್ಧಕ್ಕೆ ನಿಂತ ವಾಕ್ಯಗಳಿದ್ದವು, ಒಂದು ಕಡೆ ‘ಮುಂದಿನದು ನಾಳೆ, ಈಗ ಹಸಿವು’ ಎಂದೂ ಇತ್ತು.

“ಇನ್ನೊಂದು ಬರಹ ಇದೆಯಲ್ಲ” ಎಂದರು ಅಧಿಕಾರಿ.

“ಯಾವುದು ಮೇಡಂ?” ಎಂದರು ಪ್ರಾಂಶುಪಾಲರು.

“ಈ ನಿಯಮಾವಳಿ. ಇದೂ ಪಾಠಕ್ಕೆ ಸಂಬಂಧಿಸಿದ್ದೇ. ‘ಯಾವುದೇ ಬರಹ’ ಅಂತ ನೀವೇ ಬರೆದಿದ್ದೀರಿ. ಓದುವಾಗ ನನಗೆ ಸಂಶಯ ಬಂತು.”

ನಿಯಮಾವಳಿಯನ್ನು ಉಣಿಸಿದರು. ಈ ಸಲ ಪರದೆ ತಿರುಗಲೇ ಇಲ್ಲ. ಹಳೆಯ ನೆಂಟನನ್ನು ಕಂಡಂತೆ ತಟ್ಟನೆ ಹೇಳಿಬಿಟ್ಟಿತು: ಬಹುಪಾಲು ಯಂತ್ರ ಬರೆದದ್ದು.

ಅಧಿಕಾರಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಸಿನೀರು ಸುರಿದುಕೊಂಡರು.

“ಇಲ್ಲ ಮೇಡಂ” ಎಂದು ಮುಂದೆ ಬಂದವನು ಷಡ್ಡಕ. “ಅಣ್ಣ ಹಾಗೆ ಮಾಡೋರಲ್ಲ. ಅವರು ಮಾತಾಡೋದೇ ಹಾಗೆ. ಬೇಕಾದ್ರೆ ಸ್ವಲ್ಪ ಮಾತಾಡ್ಸಿ ನೋಡಿ.”

ಮೇಷ್ಟ್ರು ಬಾಯಿ ತೆರೆದರು. “ತತ್ಸಂಬಂಧವಾಗಿ...” ಎಂದರು. ಅಧಿಕಾರಿ ಪ್ರಾಂಶುಪಾಲರ ಕಡೆ ನೋಡಿದರು.

“ಇಂಥ ತಂತ್ರಾಂಶಗಳನ್ನ ನಾನು ನಂಬಲ್ಲ” ಎಂದರು ಆಕೆ. “ಆದರೆ ನಿಮ್ಮ ನಿಯಮ ನಂಬುತ್ತೆ. ನಾಳೆ ಬೆಳಿಗ್ಗೆ ಮುಚ್ಚಿದ ಕೊಠಡಿ, ಕಾಗದ, ಲೇಖನಿ. ಮೇಲ್ವಿಚಾರಣೆಗೆ ವಿಭಾಗದ ಹಿರಿಯರು ಯಾರು?”

“ಇವರೇ” ಎಂದರು ಪ್ರಾಂಶುಪಾಲರು.

“ಇವರ ನಂತರ?”

ಪ್ರಾಂಶುಪಾಲರು ಸಂಕೋಚದಿಂದ ಷಡ್ಡಕನ ಕಡೆ ಕೈ ತೋರಿಸಿದರು. ಮೇಷ್ಟ್ರು ಈ ಸಲ ಕಿಟಕಿಯ ಬಳಿ ಹೋಗಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಬೀದಿ ಬೀದಿಯಲ್ಲೂ ರೂಪ ಬದಲಿಸಿತ್ತು. ಕಾಲೇಜಿನ ಗೇಟಿನಲ್ಲಿ ಅದು ‘ಮೇಷ್ಟ್ರು ಯಂತ್ರದಿಂದ ಬರೆಸಿದರು’ ಎಂದಿತ್ತು. ಜೆರಾಕ್ಸ್ ಅಂಗಡಿಯಲ್ಲಿ ‘ಮೇಷ್ಟ್ರೊಳಗೆ ಯಂತ್ರ ಇದೆ’ ಎಂದಾಯಿತು. ಮನೆಯ ಮೆಟ್ಟಿಲು ತಲುಪುವಾಗ ದಂತವೈದ್ಯರು ದಾರಿ ಬಿಟ್ಟು ಗೋಡೆಗೆ ಆತುಕೊಂಡರು. “ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಹೋದ ವರ್ಷ ನಿಮ್ಮ ದವಡೆ ಹಲ್ಲು ಕಿತ್ತಾಗ ನೀವು ಕೂಗಲೇ ಇಲ್ಲ. ನನಗೆ ಆಗಲೇ ಏನೋ ಅನ್ಸಿತ್ತು.”

“ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟವರು ನೀವೇ ಅಲ್ಲವೇ?”

“ಅದೂ ಸರಿ” ಎಂದರು ದಂತವೈದ್ಯರು, ಸಮಾಧಾನವಾಗದೆ.

ಒಳಗೆ ಅತ್ತೆ ತೀರ್ಪು ಬರೆದಾಗಿತ್ತು. “ನನಗೆ ಮದುವೆ ದಿನವೇ ಅನುಮಾನ ಇತ್ತು. ಎಲ್ಲರೂ ನಕ್ಕು ಮುಗಿದ ಮೇಲೆ ಇವರು ನಕ್ಕರು.”

ಮೇಷ್ಟ್ರು ಕೈಕಾಲು ತೊಳೆದು ಬಂದು ಕೂತಾಗ ಹೆಂಡತಿ ಎದುರು ಬಂದು ನಿಂತಳು.

“ನಿಜ ಹೇಳಿ. ನೀವೇ ಬರೆದದ್ದಾ?”

“ಪ್ರತಿಯೊಂದು ಅಕ್ಷರವೂ.”

“ಹಾಗಾದ್ರೆ ಹೋದ ತಿಂಗಳು ನನ್ನ ಹುಟ್ಟಿದಹಬ್ಬಕ್ಕೆ ಕಳಿಸಿದ ಸಂದೇಶ? ‘ತಮ್ಮ ಸಹಕಾರ ಮುಂದೆಯೂ ಹೀಗೆಯೇ ಮುಂದುವರಿಯಲೆಂದು ಆಶಿಸುತ್ತೇನೆ’ ಅಂತ?”

“ಅದೂ ನಾನೇ.”

ಹೆಂಡತಿ ನಿಟ್ಟುಸಿರು ಬಿಟ್ಟಳು. “ಯಂತ್ರ ಬರೆದಿದ್ರೆ ಚೆನ್ನಾಗಿತ್ತು. ನಿಮ್ಮನ್ನ ಕ್ಷಮಿಸಬಹುದಿತ್ತು” ಎಂದು ಒಳಗೆ ಹೋದಳು.

ಮೇಷ್ಟ್ರಿಗೆ ಹಲ್ಲು ಕಿತ್ತಾಗ ಆಗದ ನೋವು ಅಲ್ಲಿ ಆಯಿತು.

ಮಾರನೆಯ ಬೆಳಿಗ್ಗೆ ಪ್ರಯೋಗಾಲಯದ ಪಕ್ಕದ ಸಣ್ಣ ಕೊಠಡಿಯಲ್ಲಿ ಅವರನ್ನು ಕೂರಿಸಿದರು. ಕಂಪ್ಯೂಟರುಗಳನ್ನು ಹೊರಗೆ ಸಾಗಿಸಿದ್ದರು. ಗೋಡೆ ಗಡಿಯಾರವನ್ನೂ ಯಾರೋ ಮುನ್ನೆಚ್ಚರಿಕೆಯಾಗಿ ಇಳಿಸಿದ್ದರು. ಹೊರಗೆ ವಿದ್ಯಾರ್ಥಿಗಳು ಕಿಟಕಿಗೆ ಅಂಟಿಕೊಂಡಿದ್ದರು. ಬಾಗಿಲಲ್ಲಿ ಕೈಕಟ್ಟಿ ಷಡ್ಡಕ ನಿಂತಿದ್ದ. ಮೇಷ್ಟ್ರು ಕನಸು ಕಂಡಿದ್ದ ಚಿತ್ರದಲ್ಲಿ ಎಲ್ಲವೂ ಇತ್ತು, ಜಾಗಗಳು ಮಾತ್ರ ಅದಲುಬದಲಾಗಿದ್ದವು.

ಅಧಿಕಾರಿ ವಿಷಯ ಕೊಟ್ಟರು: “ಕ್ಲೌಡ್ ಪಾಠದ ಸಾಮಗ್ರಿ ಮತ್ತು ಅದನ್ನು ಬರೆದವರ ಬಗ್ಗೆ ನಿಮ್ಮ ಅಭಿಪ್ರಾಯ. ನಿಮಗೆ ಮಾತ್ರ ಗೊತ್ತಿರೋದನ್ನ ಬರೀರಿ.”

ಮೇಷ್ಟ್ರು ಬರೆದರು: ‘ಸದರಿ ಸಾಮಗ್ರಿಯು ತತ್ಸಂಬಂಧವಾಗಿ...’ ಅಲ್ಲಿಗೆ ನಿಂತಿತು. ಮುಂದೆ ಏನು ಬರೆದರೂ ಪರದೆ ತನ್ನನ್ನು ನೆಂಟನೆಂದು ಗುರುತಿಸುತ್ತದೆ. ಬೆವರು ಇಳಿಯಿತು.

ಷಡ್ಡಕ ಹತ್ತಿರ ಬಂದು ಮೆಲ್ಲಗೆ, “ಸೆಕೆ ಆಗ್ತಿದೆಯಾ ಅಣ್ಣ, ಫ್ಯಾನ್ ಹಾಕ್ಲಾ?” ಎಂದ.

ಫ್ಯಾನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಮೇಷ್ಟ್ರೊಳಗೆ ಏನೋ ಕಟ್ಟೆಯೊಡೆಯಿತು. ಬರೆದಿದ್ದನ್ನು ಹೊಡೆದುಹಾಕಿದರು. ಆಮೇಲೆ ಅವರ ಕೈ ನಿಲ್ಲಲಿಲ್ಲ. ಕಾಗದ ಸಾಲದೆ ಇನ್ನಷ್ಟು ತರಿಸಿದರು. ಕೆಲವು ಕಡೆ ನಿಬ್ಬು ಕಾಗದವನ್ನು ತೂತು ಮಾಡಿತು. ಕಿಟಕಿಯಾಚೆಯ ವಿದ್ಯಾರ್ಥಿಗಳು, “ಬರೀತಿದ್ದಾರೆ, ಬರೀತಿದ್ದಾರೆ” ಎಂದು ಹಿಂದಿನವರಿಗೆ ವರದಿ ಮಾಡುತ್ತಿದ್ದರು.

ಮುಗಿದ ಮೇಲೆ ಪ್ರಾಂಶುಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದರು. ನಿಯಮದ ಪ್ರಕಾರ ಬರಹವನ್ನು ಸಭೆಯ ಮುಂದೆ ಓದತಕ್ಕದ್ದು. ಷಡ್ಡಕನ ಮಾನ ಹರಾಜಾಗಲೆಂದು ಮೇಷ್ಟ್ರೇ ಸೇರಿಸಿದ್ದ ವಾಕ್ಯ ಅದು. ಅಧಿಕಾರಿ ಕನ್ನಡಕ ಹಾಕಿಕೊಂಡು ಓದಿದರು.

“‘ಅವನ ಪಾಠ ಚೆನ್ನಾಗಿದೆ. ಅದೇ ನನ್ನ ಕಷ್ಟ. ಕುರ್ಚಿಗಳ ಕಥೆ ಓದಿ ನಾನು ಮೆಟ್ಟಿಲ ಕೆಳಗೆ ನಕ್ಕೆ, ಯಾರೂ ನೋಡಿಲ್ಲ. ಗೋಡೆಯಾಚೆ ಅವನ ಹುಡುಗರು ನಗುವಾಗ ನನ್ನ ಹುಡುಗರು ನನ್ನನ್ನು ಬಿಟ್ಟು ಗೋಡೆ ನೋಡುತ್ತಾರೆ. ಆ ಗೋಡೆಯನ್ನು ನಾನೂ ನೋಡುತ್ತೇನೆ. ಅವನ ಕುರ್ಚಿಗೆ ಎರಡು ಕೈ. ಫ್ಯಾನು ಅವನದು. ಕಳೆದ ತಿಂಗಳು ಹೊಸ ಕನ್ನಡಕ ತಗೊಂಡ, ಕಂದು ಚೌಕಟ್ಟು, ಎಡಗಡೆ ಸ್ವಲ್ಪ ಗೀರು. ಅದು ಅವನಿಗೆ ಒಪ್ಪುತ್ತದೆ. ಅದೂ ಒಪ್ಪಬೇಕಾಗಿರಲಿಲ್ಲ. ಅವನು ನಗುವಾಗ ಮೊದಲು ಎಡಗಣ್ಣು ಮುಚ್ಚುತ್ತದೆ. ನನ್ನ ಅತ್ತೆ ನನ್ನ ಮನೆಯಲ್ಲಿ ಉಂಡು ಅವನ ಮನೆಯ ಕಡೆ ತೇಗುತ್ತಾರೆ...’”

ಗಣಿತದ ಮೇಡಂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಮೇಷ್ಟ್ರು ನೆಲ ಬಿರಿಯಲೆಂದು ಕಾಯುತ್ತಿದ್ದರು. ಸಿಮೆಂಟಿನ ನೆಲ, ಬಿರಿಯಲಿಲ್ಲ. ಷಡ್ಡಕ ಕೂತಲ್ಲೇ ಮೆಲ್ಲಗೆ ಕನ್ನಡಕ ತೆಗೆದು ಎಡಗಡೆಯ ಗೀರು ನೋಡಿಕೊಂಡ.

ಅಧಿಕಾರಿ ಕೊನೆಯ ಹಾಳೆಗೆ ಬಂದರು. “‘ಆದರೆ ಒಂದು ಮಾತು. ನಮ್ಮ ವಸ್ತುಗಳನ್ನು ಇನ್ನೊಬ್ಬರ ಬೀರುವಿನಲ್ಲಿ ಇಟ್ಟರೆ ಬೀಗದ ಕೈ ಯಾರ ಬಳಿ ಇರಬೇಕು? ಆ ಅಧ್ಯಾಯವನ್ನೇ ಅವನು ಹಾರಿಸಿದ್ದಾನೆ. ಭದ್ರತೆಯ ಬಗ್ಗೆ ಒಂದು ಸಾಲೂ ಇಲ್ಲ. ಯಾರೂ ಗಮನಿಸಿಲ್ಲ, ಎಲ್ಲರೂ ನಗುತ್ತಿದ್ದರು. ನಾನು ಗಮನಿಸಿದೆ, ಯಾಕೆಂದರೆ ನಾನು ತಪ್ಪು ಹುಡುಕುತ್ತಿದ್ದೆ.’”

ಆಕೆ ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟರು. “ತಂತ್ರಾಂಶಕ್ಕೆ ಹಾಕೋ ಅಗತ್ಯ ಇಲ್ಲ. ಇಷ್ಟು ಹೊಟ್ಟೆಕಿಚ್ಚು ಯಾವ ಯಂತ್ರಕ್ಕೂ ಬರಲ್ಲ. ಇವರು ಮನುಷ್ಯರೇ ಅಂತ ಬರ್ಕೊಳ್ಳಿ.”

ಪ್ರಾಂಶುಪಾಲರು ಬರೆದುಕೊಂಡರು. ಮೇಷ್ಟ್ರಿಗೆ ಅಭಿನಂದನೆ ಹೇಳಬೇಕೋ ಸಂತಾಪ ಹೇಳಬೇಕೋ ತಿಳಿಯದೆ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು.

ಮೇಷ್ಟ್ರು ಹಿಂಬಾಗಿಲಿನಿಂದ ಹೊರಟರು. ಷಡ್ಡಕ ಅಲ್ಲೂ ಬಂದ. ಇಬ್ಬರೂ ಸೈಕಲ್ ಸ್ಟ್ಯಾಂಡಿನವರೆಗೆ ನಡೆದರು. ಅವನು ಏನಾದರೂ ಬೈದಿದ್ದರೆ ಮೇಷ್ಟ್ರಿಗೆ ಹಗುರಾಗುತ್ತಿತ್ತು.

“ಅಣ್ಣ” ಎಂದ ಷಡ್ಡಕ. “ಆ ಅಧ್ಯಾಯ ನಾನು ಬೇಕಂತಲೇ ಬಿಟ್ಟಿದ್ದು.”

“ಯಾಕೆ?”

“ನನಗೆ ಅರ್ಥ ಆಗಲ್ಲ. ಹುಡುಗರು ಕೇಳಿದ್ರೆ ಏನು ಹೇಳಲಿ ಅಂತ ಜೋಕು ಮಾಡಿ ದಾಟಿಸ್ತಿದ್ದೆ. ನೀವು ಬಂದು ಅದನ್ನ ಪಾಠ ಮಾಡ್ತೀರಾ? ನಿಮಗೆ ಬೀಗ, ಅಪ್ಪಣೆ, ಯಾರು ಬರಬೇಕು ಯಾರು ಬರಬಾರದು, ಇದೆಲ್ಲ ಚೆನ್ನಾಗಿ ಗೊತ್ತು.”

ಮೇಷ್ಟ್ರು ಈ ಸಲವೂ ಅವನ ಮುಖದಲ್ಲಿ ವ್ಯಂಗ್ಯ ಹುಡುಕಿದರು. ಅಭ್ಯಾಸಬಲ. ಆಮೇಲೆ, “ನೋಡೋಣ” ಎಂದರು. ಹತ್ತು ಹೆಜ್ಜೆ ಹೋದ ಮೇಲೆ, “ಯಾವಾಗ ತರಗತಿ?” ಎಂದರು.

“ಸೋಮವಾರ. ಇನ್ನೊಂದು... ಆ ಹಾಳೆಗಳದು ಒಂದು ಪ್ರತಿ ನನಗೆ ಸಿಗುತ್ತಾ? ನನ್ನ ಬಗ್ಗೆ ಯಾರೂ ಇಷ್ಟು ಬರೆದಿರಲಿಲ್ಲ.”

ಪ್ರತಿ ಅವನಿಗಿಂತ ಮೊದಲೇ ಸಿಕ್ಕವರಿದ್ದರು. ಮೇಷ್ಟ್ರು ಮನೆಗೆ ಬಂದಾಗ ಹೆಂಡತಿ ಊಟದ ಮೇಜಿನ ಬಳಿ ಕೂತು ಆ ಹಾಳೆಗಳನ್ನೇ ಓದುತ್ತಿದ್ದಳು. ಪ್ರಾಂಶುಪಾಲರ ಮೇಜಿನಿಂದ ಅವು ಹೇಗೋ ಜೆರಾಕ್ಸ್ ಅಂಗಡಿ ಸೇರಿ, ಅಂಗಡಿಯವನು ಬೇಡಿಕೆಯ ಮೇಲೆ ಪ್ರತಿ ಹೊಡೆದಿದ್ದನಂತೆ. ಮೇಷ್ಟ್ರ ಬರಹವೊಂದು ಮುಗಿದುಹೋದದ್ದು ಅದೇ ಮೊದಲು. ಅತ್ತೆ ತೇಗಿನ ಸಾಲು ಓದಿ ಕೋಣೆಯ ಬಾಗಿಲು ಹಾಕಿಕೊಂಡಿದ್ದರು.

“ನೋಡು, ಮನುಷ್ಯ ಅಂತ ಬರೆದುಕೊಂಡರು” ಎಂದರು ಮೇಷ್ಟ್ರು, ಏನಾದರೂ ಒಳ್ಳೆಯದನ್ನು ಹೇಳಬೇಕೆಂದು.

ಹೆಂಡತಿ ತಲೆಯೆತ್ತಲಿಲ್ಲ. “ಅವರ ಕನ್ನಡಕದ ಎಡಗಡೆ ಗೀರು ಇದೆ.”

“ಹೌದು.”

“ನಗುವಾಗ ಮೊದಲು ಎಡಗಣ್ಣು ಮುಚ್ಚುತ್ತೆ.”

“ಅದು ಸುಮ್ಮನೆ, ಕಂಡದ್ದು...”

“ನನಗೂ ಹೊಸ ಕನ್ನಡಕ ಬಂದಿದೆ. ಅವರು ತಗೊಂಡ ದಿನವೇ, ಅದೇ ಅಂಗಡೀಲಿ. ಯಾವ ಬಣ್ಣ?”

ಹೆಂಡತಿ ಅಷ್ಟರಲ್ಲಿ ಕನ್ನಡಕ ತೆಗೆದು ಮಡಿಲಲ್ಲಿ ಬಚ್ಚಿಟ್ಟಿದ್ದಳು. ಮೇಷ್ಟ್ರು ನೆನಪಿನ ಬೀರುವಿನ ಅರೆಗಳನ್ನೆಲ್ಲ ತಡಕಾಡಿದರು. ಎಲ್ಲ ಅರೆಗಳಲ್ಲೂ ಷಡ್ಡಕನೇ ತುಂಬಿದ್ದ.

“ಇಷ್ಟು ವರ್ಷದಲ್ಲಿ ನನ್ನ ಮೇಲೆ ಇಷ್ಟು ಹಾಳೆ ಬರೆದಿದ್ದೀರಾ?” ಆಕೆಯ ಧ್ವನಿಯಲ್ಲಿದ್ದದ್ದನ್ನು ಮೇಷ್ಟ್ರು ಬೇರೆ ಯಾರಿಗಿಂತಲೂ ಬೇಗ ಗುರುತಿಸಿದರು. ಅದು ಅವರ ಸ್ವಂತ ಕಾಯಿಲೆ. “ತಂಗಿ ಗಂಡನ ಮೇಲೆ ನನಗೆ ಹೊಟ್ಟೆಕಿಚ್ಚು ಬರೋ ಹಾಗೆ ಮಾಡಿದ್ರಲ್ಲ. ಇದಕ್ಕಿಂತ ಇನ್ನೇನು ಬಾಕಿ ಇದೆ.”

ಆಕೆ ಎದ್ದು, ಒಂದು ಬಿಳಿ ಹಾಳೆ ಮತ್ತು ಲೇಖನಿ ತಂದು ಅವರ ಮುಂದಿಟ್ಟಳು. ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಳು.

“ಏನು ಬರೆಯಲಿ?”

“ನಿಮಗೆ ಮಾತ್ರ ಗೊತ್ತಿರೋದನ್ನ.”

ಮೇಷ್ಟ್ರು ಲೇಖನಿ ಹಿಡಿದರು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಕಾಗದ ಖಾಲಿ ಇತ್ತು. ಅವರು ನಿಧಾನವಾಗಿ ತಲೆಯೆತ್ತಿ ಹೆಂಡತಿಯ ಮುಖದ ಕಡೆ ನೋಡಿದರು. ಮೂಗಿನ ಎರಡೂ ಕಡೆ ಕನ್ನಡಕ ಕೂತ ಸಣ್ಣ ಗುರುತುಗಳಿದ್ದವು. ಹುಬ್ಬಿನ ಬಳಿ ಒಂದು ಮಚ್ಚೆ ಇತ್ತು. ಅದು ಯಾವಾಗಿನಿಂದ ಇದೆ ಎಂದು ಕೇಳುವ ಧೈರ್ಯವಾಗಲಿಲ್ಲ.

“ನೋಡ್ಕೊಂಡು ಬರೆಯೋ ಹಾಗಿಲ್ಲ” ಎಂದಳು ಹೆಂಡತಿ.

ಮೇಷ್ಟ್ರು ತಟ್ಟನೆ ತಲೆ ತಗ್ಗಿಸಿದರು. ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಹುಡುಗರಿಗೆ ಹೇಗಾಗುತ್ತದೆಂದು ಅವರಿಗೆ ಮೊದಲ ಸಲ ತಿಳಿಯಿತು. ಹಾಳೆಯ ಮೇಲೆ ಒಂದು ಚುಕ್ಕೆ ಮಾತ್ರ ಮೂಡಿತ್ತು, ಅದೂ ಬೆವರಿನದು.

ಎದುರಿನಿಂದ ಕುರ್ಚಿ ಹತ್ತಿರಕ್ಕೆ ಎಳೆದ ಸದ್ದಾಯಿತು.

“ಇವತ್ತೊಂದು ದಿನ ನೋಡಿ” ಎಂದಳು ಅವಳು.